ತಲೆಯೋ ಬಾಲವೋ: ಮೇದೋಜೀರಕಕ್ಕೆ ಕೀಹೋಲ್ ಸರ್ಜರಿ

ಪಿತ್ತಕೋಶದ ಕಲ್ಲಿಗೆ ಹೊಟ್ಟೆಯಲ್ಲಿ ನಾಲ್ಕು ತೂತು ಮಾಡಿಸಿಕೊಂಡು ಒಂದೆರಡು ದಿನದಲ್ಲಿ ಮನೆಗೆ ಬಂದವರು ಈಗ ಬೀದಿಗೊಬ್ಬರು ಸಿಗುತ್ತಾರೆ. ಹೀಗಾಗಿ ಮೇದೋಜೀರಕ ಗ್ರಂಥಿಯಲ್ಲಿ ಗೆಡ್ಡೆ ಎಂದೊಡನೆ ಮನೆಯವರ ಪ್ರಶ್ನೆ: ‘ಇದನ್ನೂ ಲ್ಯಾಪ್ರೋಸ್ಕೋಪಿಯಲ್ಲೇ ಮಾಡಬಹುದಲ್ವಾ ಡಾಕ್ಟ್ರೇ?’ ಗೆಡ್ಡೆ ಗ್ರಂಥಿಯ ಯಾವ ತುದಿಯಲ್ಲಿದೆ ಎಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ.

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿ ಸುಮಾರು 15 ಸೆಂ.ಮೀ. ಉದ್ದ. ಬಾಲ ಎಡಕ್ಕೆ ಗುಲ್ಮದವರೆಗೆ ಚಾಚಿದೆ. ಬಾಲದ ಭಾಗವನ್ನು ತೆಗೆದರೆ ಮತ್ತೆ ಏನನ್ನೂ ಜೋಡಿಸಬೇಕಿಲ್ಲ. ಕತ್ತರಿಸಿದ ತುದಿಯನ್ನು ಮುಚ್ಚಿದರಾಯಿತು. ಇಲ್ಲಿ ಕೀಹೋಲ್‌ನದೇ ಮೇಲುಗೈ. 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ‘ಲೆಪರ್ಡ್’ ಅಧ್ಯಯನದಲ್ಲಿ ಹೊಟ್ಟೆ ತೆರೆಸಿಕೊಂಡವರು ಚೇತರಿಸಿಕೊಳ್ಳಲು 6 ದಿನ ಹಿಡಿದರೆ, ತೂತಿನ ಆಪರೇಷನ್ ಆದವರಿಗೆ 4 ದಿನ ಸಾಕಾಯಿತು. ರಕ್ತವೂ ಕಡಿಮೆ ಹೋಯಿತು. ಗ್ರಂಥಿಯ ರಸ ಸೋರುವ ಕಾಟ ಮಾತ್ರ ಎರಡರಲ್ಲೂ ಇತ್ತು.

ತಲೆಯ ಕಥೆ ಬೇರೆ. ಅದು ಸಣ್ಣಕರುಳಿನ ಮೊದಲ ಬಾಗಿನೊಳಗೆ ಹುದುಗಿದೆ. ಪಿತ್ತನಾಳ ಅದರೊಳಗಿಂದಲೇ ಹಾಯುತ್ತದೆ, ದೊಡ್ಡ ರಕ್ತನಾಳಗಳು ಹಿಂದೆಯೇ ಇವೆ. ಹಾಗಾಗಿ ‘ವಿಪಲ್’ ಎಂಬ ಆಪರೇಷನ್‌ನಲ್ಲಿ ತಲೆಯ ಜೊತೆ ಕರುಳಿನ ಆ ಭಾಗ, ಪಿತ್ತಕೋಶ, ಪಿತ್ತನಾಳದ ತುಂಡು ಎಲ್ಲವೂ ಹೋಗುತ್ತವೆ. ಆಮೇಲೆ ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯಬೇಕು. ಗ್ರಂಥಿ ಮೃದುವಾಗಿದ್ದರೆ ಬೆಣ್ಣೆಗೆ ಹೊಲಿಗೆ ಹಾಕಿದ ಹಾಗೆ. ಹೊಲಿಗೆ ಸೋರಿದರೆ ಆಹಾರ ಜೀರ್ಣಿಸುವ ರಸವೇ ಅಕ್ಕಪಕ್ಕದ ರಕ್ತನಾಳವನ್ನು ತಿನ್ನತೊಡಗುತ್ತದೆ. ಜೀವಕ್ಕೆ ಅಪಾಯ ಇಲ್ಲಿಂದ ಬರುತ್ತದೆ. ಹೊಟ್ಟೆಯ ಮೇಲಿನ ಗಾಯ ಚಿಕ್ಕದಾದ ಮಾತ್ರಕ್ಕೆ ಅದು ಕಡಿಮೆಯಾಗದು.

ಕೆನಡಾದಲ್ಲಿ ಸರ್ಜನ್ ಮಿಷೆಲ್ ಗಾನ್ಯೇ ವಿಪಲ್ ಆಪರೇಷನ್ನನ್ನು ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದ್ದನ್ನು 1994ರಲ್ಲೇ ವರದಿ ಮಾಡಿದ್ದರು. ಆದರೂ ವಿಪಲ್ ಕುರಿತ ನೆದರ್ಲೆಂಡ್ಸ್‌ನ ‘ಲೆಪರ್ಡ್–2’ ಅಧ್ಯಯನದಲ್ಲಿ, ಅದೂ ತರಬೇತಿ ಪಡೆದ ಸರ್ಜನ್‌ಗಳ ಕೈಯಲ್ಲಿ, ಕೀಹೋಲ್ ಆದ 50 ಮಂದಿಯಲ್ಲಿ 5 ಜನ ತೊಡಕುಗಳಿಂದ ತೀರಿಕೊಂಡರು, ತೆರೆದ ಆಪರೇಷನ್‌ನ 49ರಲ್ಲಿ ಒಬ್ಬರು. ಇಷ್ಟು ಕಡಿಮೆ ಜನರಲ್ಲಿ ಈ ಅಂತರ ಆಕಸ್ಮಿಕವೂ ಇರಬಹುದು. ಆದರೂ ಅಧ್ಯಯನವನ್ನು ಅರ್ಧಕ್ಕೆ ನಿಲ್ಲಿಸಿದರು, ಸರಿಯಾದ ನಿರ್ಧಾರವೇ. ಇತ್ತ ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ, ಇದರಲ್ಲೇ ಪಳಗಿದ ಒಂದು ಕೇಂದ್ರದಲ್ಲಿ 64 ಜನರ ಮೇಲೆ ನಡೆದ ಅಧ್ಯಯನ (2017) ತದ್ವಿರುದ್ಧ: ತೂತಿನವರು 7 ದಿನಕ್ಕೆ, ತೆರೆದವರು 13 ದಿನಕ್ಕೆ ಮನೆಗೆ. ಚೀನಾದ ಅನುಭವಿಗಳ ಕೈಯಲ್ಲಿ 656 ಜನರನ್ನು ಸೇರಿಸಿಕೊಂಡ ಅಧ್ಯಯನದಲ್ಲಿ ಉಳಿತಾಯವಾದದ್ದು ಬರೇ ಒಂದು ದಿನ, ಹದಿನಾರರ ಬದಲು ಹದಿನೈದು.

ಆದ್ದರಿಂದ ವಿಪಲ್ ಎಂದಾಗ ‘ತೂತೋ ಕೊಯ್ತವೋ’ ಎನ್ನುವುದಕ್ಕಿಂತ ‘ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಅದರಲ್ಲಿ ಕೀಹೋಲ್ ಎಷ್ಟು’ ಎಂದು ಕೇಳುವುದು ಲೇಸು. ಸಂಕೋಚ ಬೇಡ, ಒಳ್ಳೆಯ ಸರ್ಜನ್ ಇದಕ್ಕೆ ಸಿಟ್ಟಾಗುವುದಿಲ್ಲ. ಗೆಡ್ಡೆ ರಕ್ತನಾಳಕ್ಕೆ ಅಂಟಿದ್ದರೆ ಸಾಮಾನ್ಯವಾಗಿ ಹೊಟ್ಟೆ ತೆರೆಯುವುದೇ ಕ್ಷೇಮ. ಕೀಹೋಲ್ ಎಂದು ಶುರುವಾದದ್ದು ನಡುವೆ ತೆರೆದ ಆಪರೇಷನ್ ಆಗುವುದೂ ಉಂಟು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಅದನ್ನು ಮಾತಾಡಿಕೊಳ್ಳಿ.