ಬಂಡೆಯ ಮೇಲೆ ಬಂಡೆ ಪೇರಿಸಿದವರು ಯಾರು?

ಪಾಮನಕಲ್ಲೂರಿನ ಹೆಸರಿನಲ್ಲೇ ಕಲ್ಲಿದೆ. ಈ ಊರು ಸೇರಿದ ಮಸ್ಕಿ ತಾಲ್ಲೂಕಿನಲ್ಲೂ ನೆರೆಯ ಲಿಂಗಸುಗೂರು, ಸಿಂಧನೂರು ಸೀಮೆಯಲ್ಲೂ ಬಯಲಿನ ನಡುವೆ ಕಲ್ಲುಗುಡ್ಡಗಳು ಎದ್ದು ನಿಂತಿವೆ. ಕೆಲವು ಕಡೆ ಗುಂಡು ಬಂಡೆಗಳು ಒಂದರ ಮೇಲೊಂದು, ಈಗಲೋ ಆಗಲೋ ಉರುಳುವಂತೆ ಕೂತಿವೆ. ಇವನ್ನು ಪೇರಿಸಿದವರು ಯಾರು? ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳಿವು ಎಂದು ಹಂಪಿಯ ಕಡೆ ಕಥೆ ಹೇಳುತ್ತಾರೆ. ಭೂವಿಜ್ಞಾನ ಹೇಳುವ ಕಥೆ ಇನ್ನೂ ಹಳೆಯದು.

ಈ ಭಾಗದ ಗ್ರಾನೈಟ್ ಮತ್ತು ಅದರ ಜಾತಿಯ ಶಿಲೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ರೂಪುಗೊಂಡವು. ಮೇಲಿನ ಪದರ ಸವೆದು ಭಾರ ಇಳಿದಂತೆ ಶಿಲೆ ಹಿಗ್ಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿಗೆ ಇಳಿದ ಮಳೆನೀರು ಕಲ್ಲಿನ ಅಂಶಗಳನ್ನು ಜೇಡಿಯಾಗಿ, ಗರಸಾಗಿ ಮಾಡಿತು. ಮೂಲೆಗಳಿಗೆ ನೀರು ಮೂರು ಕಡೆಯಿಂದ ತಾಗುವುದರಿಂದ ಅವೇ ಮೊದಲು ಕರಗಿದವು. ಹೀಗೆ ಚೌಕ ಕಲ್ಲು ನೆಲದೊಳಗೇ ಗುಂಡಾಯಿತು. ಸುತ್ತಲಿನ ಗರಸನ್ನು ಮಳೆ ಕೊಚ್ಚಿ ಒಯ್ದಾಗ ಗುಂಡುಗಳು ಇದ್ದಲ್ಲೇ ಉಳಿದವು. ಯಾರೂ ಪೇರಿಸಲಿಲ್ಲ, ನಡುವಿನ ಮಣ್ಣು ಹೋಯಿತು, ಅಷ್ಟೇ.

ಅಮೆರಿಕದ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿರುವ ಜೋಶುವಾ ಟ್ರೀ ಉದ್ಯಾನದ ವಿಚಿತ್ರ ಬಂಡೆಗಳೂ ಹೀಗೆಯೇ ಹುಟ್ಟಿದವು. ಆದರೆ ಅಲ್ಲಿನ ಕಲ್ಲು ನಮ್ಮದರ ಮುಂದೆ ಕೂಸು. ಅದನ್ನು 1936ರಲ್ಲೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿ, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಗಿಸಿದರು. ಬಂಡೆ ನೋಡಲೆಂದೇ ಅಲ್ಲಿಗೆ ಜನ ಹೋಗುತ್ತಾರೆ.

ನಮ್ಮಲ್ಲಿ ಬಂಡೆಗೆ ಬೆಲೆ ಬಂದದ್ದು ಅದರ ಮೇಲೆ ಅಕ್ಷರ ಸಿಕ್ಕಾಗ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿ ಗುಡ್ಡದ ಬಂಡೆಯೊಂದರ ಬ್ರಾಹ್ಮಿ ಶಾಸನ ಬಿತ್ತು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲ ಬಾರಿಗೆ ಕಂಡದ್ದು ಮಸ್ಕಿಯಲ್ಲಿ. ಧರ್ಮದಲ್ಲಿ ನಡೆದರೆ ಸಾಮಾನ್ಯನೂ ಉನ್ನತ ಸ್ಥಿತಿ ಮುಟ್ಟಬಹುದು ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಮಾತನ್ನು ಕಾಪಾಡಿದ್ದು ಬಂಡೆಗಳ ನಡುವಿನ ಮರೆ.

ಇಂದು ಆ ಶಾಸನ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾನೂನಿನಂತೆ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಕ್ಷರವಿಲ್ಲದ ಬಂಡೆಗೆ ಇಂಥ ಆಸರೆ ಇಲ್ಲ. ಕ್ರಷರ್‌ಗೆ ಹೋದರೆ ಅದು ಜಲ್ಲಿ, ಗರಗಸಕ್ಕೆ ಸಿಕ್ಕರೆ ಮನೆಯ ನೆಲಹಾಸು. ಕಾಡು ಕಡಿದರೆ ಮತ್ತೆ ನೆಡಬಹುದು. ಕೋಟ್ಯಂತರ ವರ್ಷಗಳಲ್ಲಿ ಗುಂಡಾದ ಕಲ್ಲನ್ನು ಮತ್ತೆ ಮಾಡಲಾಗದು.

ದಾರಿ ಇಲ್ಲದಿಲ್ಲ. ಹಂಪಿಗೆ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಕರಡಿಗಳು ಬಂಡೆಗಳ ಸಂದಿಯಲ್ಲಿ ವಾಸಿಸುವುದರಿಂದ ಅವುಗಳ ನೆಪದಲ್ಲಿ ಗುಡ್ಡಗಳೂ ಉಳಿದವು. ಮಸ್ಕಿ ಸೀಮೆಯ ಕೆಲವು ಗುಡ್ಡಗಳನ್ನಾದರೂ ಕಲ್ಲಿಗಾಗಿಯೇ ಗುರುತಿಸಿ ಉಳಿಸಬಹುದು.

ನೋಡಬಯಸುವವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗ್ಗೆಯೇ ಗುಡ್ಡ ಹತ್ತಿ, ನೀರು ಜೊತೆಗಿರಲಿ. ಬಂಡೆಯ ಮೇಲೆ ಹೆಸರು ಬರೆಯುವ ಕೆಲಸವನ್ನು ಅಶೋಕನಿಗೇ ಬಿಟ್ಟುಬಿಡಿ.