ಐದು ಗುಂಡು, ಒಂದೇ ತೂತು

ಕೊಡಗಿನ ಓದುಗರೊಬ್ಬರ ಮಗಳು 50 ಮೀಟರ್ ರೈಫಲ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಯಾವ ಕಂಪನಿಯ ಬ್ಯಾರೆಲ್ ಹಾಕಿಸಲಿ ಎಂದು ಕೇಳಿದ್ದಾರೆ. ಜೊತೆಗೊಂದು ಫೋಟೊ: ಮಾರುವವರು ಕಳಿಸಿದ ಕಾಗದದಲ್ಲಿ ಐದು ಗುಂಡು, ಒಂದೇ ತೂತು.

ಕೈಲ್ ಪೊಳ್ದ್ ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿ ಉರುಳಿಸುವ ಊರಿನವರಿಗೆ ಗುರಿಯ ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಈ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 10.4 ಮಿಲಿಮೀಟರ್. ಗುಂಡೇ 5.6 ಮಿಲಿಮೀಟರ್ ದಪ್ಪ. ನಳಿಗೆಯೊಳಗಿನ ಸುರುಳಿ ಗೀರುಗಳು ಅದನ್ನು ಬುಗುರಿ ಮಾಡುತ್ತವೆ. 16 ಇಂಚಿಗೆ ಒಂದು ಸುತ್ತು ಎಂದರೆ ಸೆಕೆಂಡಿಗೆ ಸುಮಾರು 800 ಸುತ್ತು!

ಗೀರು ಮಾಡಲು ದಾರಿ ಹಲವು. ಅಮೆರಿಕದ ಕ್ರೀಗರ್, ಬಾರ್ಟ್‌ಲೈನ್ ಕಂಪನಿಗಳು ಉಕ್ಕನ್ನು ಎಳೆ ಎಳೆಯಾಗಿ ಹೆರೆಯುತ್ತವೆ. ಅಲ್ಲಿಯದೇ ಶೈಲೆನ್, ಜರ್ಮನಿಯ ಲೋಥರ್ ವಾಲ್ಟರ್ ಗಟ್ಟಿ ಗುಂಡಿಯೊಂದನ್ನು ಒಳಗೆ ತೂರಿಸಿ ಗೀರು ಒತ್ತುತ್ತವೆ. ಯಾವುದು ಮೇಲು ಎಂಬ ಜಗಳ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ.

ನನ್ನನ್ನು ಮರುಳು ಮಾಡಿದ್ದು ಆಮೇಲಿನ ಕೆಲಸ. ನಳಿಗೆಯೊಳಗೆ ಸರಳಿಟ್ಟು, ಅದರ ತುದಿಯ ಸುತ್ತ ಕರಗಿದ ಸೀಸ ಹುಯ್ಯುತ್ತಾರೆ. ಆರಿದಾಗ ಅದು ಗೀರುಗಳ ಪಡಿಯಚ್ಚು. ಅದಕ್ಕೆ ಎಣ್ಣೆ, ನುಣ್ಣನೆಯ ಉಜ್ಜುಪುಡಿ ಬಳಿದು ಕೈಯಿಂದ ಹಿಂದೆ ಮುಂದೆ ಎಳೆಯುತ್ತಾರೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅಂಗೈಗೇ ಗೊತ್ತಾಗುತ್ತದೆ. ಕೂದಲೆಳೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ ಉಬ್ಬುತಗ್ಗು ಕೂಡ! ಬಿಗಿಯಲ್ಲಿ ಅಮುಕಿಸಿಕೊಂಡ ಸೀಸದ ಗುಂಡು ಮುಂದೆ ಸಡಿಲ ಜಾಗ ಸಿಕ್ಕರೆ ಮತ್ತೆ ಊದಿಕೊಳ್ಳುವುದಿಲ್ಲ, ಅಲ್ಲಾಡುತ್ತ ಹೊರಡುತ್ತದೆ. ಅದಕ್ಕೇ ಬಾಯಿಯ ಕಡೆಗೆ ಕೂದಲಷ್ಟೂ ಅಲ್ಲದ ಬಿಗಿ ಬಿಡುವ ರೂಢಿಯಿದೆ. ಗುಂಡಿ ತೂರಿಸಿದ ನಳಿಗೆಯ ಮುಂಭಾಗವನ್ನು ಭಾರ ಇಳಿಸಲೆಂದು ಹೊರಗಿನಿಂದ ತೀರಾ ಹೆರೆದರೆ, ಉಕ್ಕಿನಲ್ಲಿ ಅಡಗಿದ್ದ ಒತ್ತಡ ಸಡಿಲಗೊಂಡು ಒಳಗಿನ ರಂಧ್ರ ಅಲ್ಲೇ ಅಗಲವಾಗಬಹುದು. ಬ್ಯಾರೆಲ್ ಒಳ್ಳೆಯದೇ, ಕೆಡಿಸಿದ್ದು ಲೇತ್.

ಬಾಯಿಯ ಅಂಚಿನಲ್ಲಿ ಒಂದು ಚೂರು ಏರುಪೇರಿದ್ದರೂ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಹಬ್ಬದಲ್ಲಿ ಕೋವಿಗೆ ಕುಂಕುಮ ಹಚ್ಚಿ, ಬೇಡವೆನ್ನಲಾರೆ. ಬಾಯಿಗೆ ಮಾತ್ರ ಹಚ್ಚಬೇಡಿ.

ಕುಂಕುಮಕ್ಕಿಂತ ದೊಡ್ಡ ಮೂಢನಂಬಿಕೆ ಆ ಫೋಟೊ. ಹತ್ತು ಕಾಗದಕ್ಕೆ ಹೊಡೆದು ಚೆಂದದ್ದೊಂದನ್ನು ಕಳಿಸುವುದು ಯಾರಿಗೂ ಕಷ್ಟವಲ್ಲ. ಅಲ್ಲದೆ ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಗುಂಡಾದರೂ ಒಂದು ಬ್ಯಾಚ್ ಈ ನಳಿಗೆಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಅದಕ್ಕಾಗಿಯೇ ಇಂಗ್ಲೆಂಡಿನ ಈಲಿ ಕಾರ್ಖಾನೆಗೆ ಸ್ಪರ್ಧಿಗಳು ತಮ್ಮ ರೈಫಲ್ ಹೊತ್ತುಕೊಂಡು ಹೋಗಿ, ಅದನ್ನು ಅಲ್ಲಾಡದಂತೆ ಬಿಗಿಸಿ, ಬ್ಯಾಚಿನ ಮೇಲೆ ಬ್ಯಾಚ್ ಹೊಡೆದು ನೋಡುತ್ತಾರೆ.

ಹಾಗಾಗಿ ಕಂಪನಿಯ ಹೆಸರು ಆಮೇಲೆ. ಸೀಸದಲ್ಲಿ ಉಜ್ಜಿದ್ದಾರೆಯೇ, ಕೂರಿಸುವ ಗನ್‌ಸ್ಮಿತ್ ಯಾರು ಎಂದು ಮೊದಲು ವಿಚಾರಿಸಿ. ಮಾರುವವರಿಗೆ ಇನ್ನೊಂದು ಪ್ರಶ್ನೆ ಕೇಳಿ: ಆರನೆಯ ಗುಂಡು ಎಲ್ಲಿಗೆ ಹೋಯಿತು?