ಜೋಗುಳ

ಹಸುಳೆಯ ಕಣ್ಣು ಲೋಕವನ್ನು ಕಾಣುವುದಕ್ಕೆ ಮೊದಲೇ ಅದರ ಕಿವಿ ಲೋಕವನ್ನು ಕೇಳತೊಡಗುತ್ತದೆ. ಗರ್ಭದಲ್ಲಿರುವ ಶಿಶು ಸುಮಾರು ಆರನೆಯ ತಿಂಗಳ ಹೊತ್ತಿಗೆ ನಾದಕ್ಕೆ ಸ್ಪಂದಿಸಲು ಆರಂಭಿಸುತ್ತದೆ. ತಾಯಿಯ ಎದೆಬಡಿತ, ಮಾತಿನ ಏರಿಳಿತ, ಇವೇ ಅದು ಆಲಿಸುವ ಮೊದಲ ಸಂಗೀತ. ನವಜಾತ ಶಿಶು ಇತರರ ದನಿಗಿಂತ ತಾಯಿಯ ದನಿಯನ್ನೇ ಹೆಚ್ಚಾಗಿ ಬಯಸುವುದೆಂದು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು 1980ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. ನಮ್ಮ ತಾಯಂದಿರು ಇದನ್ನು ತೊಟ್ಟಿಲ ಬಳಿಯಲ್ಲಿಯೇ ಅರಿತಿದ್ದರು. ಆ ಅರಿವಿನ ಫಲವೇ ಜೋಗುಳ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಮಗುವಿಗೆ ಹೆಸರಿಡುವ ಶುಭಕಾರ್ಯವನ್ನು ‘ತೊಟ್ಟಿಲಿಗೆ ಹಾಕುವುದು’ ಎಂದೇ ಕರೆಯುತ್ತಾರೆ. ಅಂದು ಓಣಿಯ ಹೆಂಗಳೆಯರು ನೆರೆದು, ತೊಟ್ಟಿಲು ತೂಗಿ, ಜೋಗುಳ ಹಾಡುತ್ತಾರೆ. ಸೋದರತ್ತೆಯು ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ಬಸವ ಜಯಂತಿಯಂದು ಬಸವಣ್ಣನವರನ್ನು ಶಿಶುವೆಂದು ಭಾವಿಸಿ ತೊಟ್ಟಿಲು ತೂಗುವ ಸಂಪ್ರದಾಯವೂ ಉತ್ತರ ಕರ್ನಾಟಕದಲ್ಲಿ ಉಂಟು. ದಿನನಿತ್ಯದ ಜೋಗುಳಕ್ಕಾದರೋ ಇಂಥ ಸಡಗರ ಬೇಕಿಲ್ಲ. ಹೊಲದ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ತೂಗುವ ಕೂಲಿಯ ತಾಯಿಗೂ ಅದು ಸುಲಭಸಾಧ್ಯ.

ಜೋಗುಳದಿಂದ ನಿದ್ರೆ ಬರುವುದೇಕೆ? ಅದರ ನಡೆ ನಿಧಾನ, ಸ್ವರಗಳು ಕೆಲವೇ, ‘ಜೋ ಜೋ’ ಎಂಬ ಪಲ್ಲವಿ ಮರಳಿ ಮರಳಿ ಬರುತ್ತದೆ. ಮುಂದೆ ಬರುವ ನಾದವು ಮೊದಲೇ ಪರಿಚಿತವಾದುದರಿಂದ ಕೂಸು ಬೆಚ್ಚುವುದಿಲ್ಲ. ತೊಟ್ಟಿಲ ತೂಗಾಟವೂ ಹಾಡಿನ ಲಯವೂ ಒಂದಾದಾಗ ಅಳು ತಗ್ಗಿ, ಉಸಿರು ಸಮವಾಗುತ್ತದೆ. ಪರಭಾಷೆಯ ಜೋಗುಳವನ್ನು ಕೇಳಿದಾಗಲೂ ಶಿಶುಗಳ ಹೃದಯಬಡಿತ ತಗ್ಗುವುದೆಂದು 144 ಶಿಶುಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅಮೆರಿಕದ 11 ಆಸ್ಪತ್ರೆಗಳಲ್ಲಿ ದಿನ ತುಂಬುವ ಮೊದಲೇ ಜನಿಸಿದ 272 ಶಿಶುಗಳಿಗೆ ತಂದೆತಾಯಿಯರ ಮೆಚ್ಚಿನ ಹಾಡುಗಳನ್ನೂ ಎದೆಬಡಿತವನ್ನು ಹೋಲುವ ನಾದವನ್ನೂ ಕೇಳಿಸಿದಾಗ ಒಳ್ಳೆಯ ಪರಿಣಾಮ ಕಂಡುಬಂದಿತೆಂದು 2013ರ ವರದಿಯೊಂದು ಹೇಳುತ್ತದೆ.

ಸಮನಾದ ಸಪ್ಪಳವೆಲ್ಲ ಹಿತಕರವೆಂದು ಇದರಿಂದ ಭಾವಿಸಲಾಗದು. ಮಳೆಯ ಸದ್ದು, ತೊರೆಯ ಸದ್ದುಗಳನ್ನು ಹೊರಡಿಸಿ ಮಕ್ಕಳನ್ನು ಮಲಗಿಸುವ ಯಂತ್ರಗಳು ಈಗ ಮಾರಾಟಕ್ಕೆ ಬಂದಿವೆ. ಇಂಥ 14 ಯಂತ್ರಗಳನ್ನು ಕೆನಡಾದ ಸಂಶೋಧಕರು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಗರಿಷ್ಠ ಧ್ವನಿಯಲ್ಲಿಟ್ಟು 30 ಸೆಂಟಿಮೀಟರ್ ದೂರದಿಂದ ಅಳೆದಾಗ ಅವೆಲ್ಲವೂ ಆಸ್ಪತ್ರೆಯ ಶಿಶುಕೋಣೆಗಳಿಗೆ ಗೊತ್ತುಪಡಿಸಿದ 50 ಡೆಸಿಬೆಲ್ ಮಿತಿಯನ್ನು ಮೀರಿದ್ದವು. ಎಳೆಯ ಕಿವಿ ಬಲು ಸೂಕ್ಷ್ಮ. ಆದುದರಿಂದ ಯಂತ್ರವಾಗಲಿ ಮೊಬೈಲ್ ಫೋನಾಗಲಿ ತೊಟ್ಟಿಲಿನಿಂದ ದೂರವಿರಬೇಕು. ಅದರ ದನಿ ತಗ್ಗಿರಬೇಕು. ಕೂಸು ಮಲಗಿದೊಡನೆ ಅದನ್ನು ನಿಲ್ಲಿಸಬೇಕು. ಹಾಡುವ ತಾಯಿಯಾದರೋ ಮಗುವಿನ ರೆಪ್ಪೆ ಭಾರವಾದುದನ್ನು ಕಂಡು ತಾನಾಗಿಯೇ ದನಿಯನ್ನು ಇಳಿಸುತ್ತಾಳೆ. ಈ ವಿವೇಕ ಯಂತ್ರಕ್ಕೆ ಎಲ್ಲಿಂದ ಬಂದೀತು?

ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ಆದರೆ ಗ್ರಂಥವು ಪದಗಳನ್ನು ಉಳಿಸಬಲ್ಲುದೇ ಹೊರತು ದನಿಯನ್ನಲ್ಲ. ದನಿ ಉಳಿಯುವ ಬಗೆಗೆ ಗದುಗಿನಲ್ಲಿಯೇ ಒಂದು ನಿದರ್ಶನವಿದೆ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾಗೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಅಲ್ಲಿ ವಿದ್ಯೆ ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಹರಿಯಿತು. ಜೋಗುಳದ ದಾರಿಯೂ ಅದೇ. ಅಜ್ಜಿ ಹಾಡುವಾಗ ಮೊಮ್ಮಗಳು ಕೇಳಬೇಕು. ಮುಂದೆ ಅವಳು ತನ್ನ ಕೂಸಿಗೆ ಹಾಡಬೇಕು. ಒಂದು ತಲೆಮಾರು ಹಾಡದೆ ಹೋದರೆ ಮರುತಲೆಮಾರಿಗೆ ಕಲಿಸುವವರು ಇರುವುದಿಲ್ಲ.